ಟವೆಲ್ಲಿನ ಕೆಳಗೆ ಮಾರಿದ ಮನೆ

ಆಗ ನನಗೆ ಮೂವತ್ತೊಂದು ವರ್ಷ. ಅದಾಗಿ ಐವತ್ತು ವರ್ಷದ ಮೇಲಾಯಿತು. ಇಷ್ಟು ಹೊತ್ತಿಗೆ ಸಿಟ್ಟು ಇಳಿಯಬೇಕಿತ್ತು, ಇಳಿದಿಲ್ಲ. ದಲ್ಲಾಳಿಗಳ ಮೇಲೆ ನನಗಿರುವಷ್ಟು ಸಿಟ್ಟು ಇಲಿಗಳ ಮೇಲೂ ಇಲ್ಲ. ಇಲಿ ಮೂಟೆಯನ್ನು ಒಂದು ಕಡೆಯಿಂದ ತಿನ್ನುತ್ತದೆ, ದಲ್ಲಾಳಿ ಎರಡೂ ಕಡೆಯಿಂದ. ಮನೆ ಮಾರುವವರು ನೂರಕ್ಕೆ ಎರಡು ರೂಪಾಯಿ ಕೊಡಬೇಕು, ಕೊಳ್ಳುವವರೂ ನೂರಕ್ಕೆ ಎರಡು ಕೊಡಬೇಕು. ಇವರ ಹತ್ತಿರ ಬೆಲೆ ಏರಿಸಿಕೊಡುತ್ತೇನೆ ಎನ್ನುತ್ತಾನೆ, ಅವರ ಹತ್ತಿರ ಇಳಿಸಿಕೊಡುತ್ತೇನೆ ಎನ್ನುತ್ತಾನೆ. ಹಗ್ಗದ ಎರಡು ತುದಿಯನ್ನೂ ತಾನೇ ಹಿಡಿದು ಎಳೆಯುತ್ತಾನೆ, ಬೆವರು ಮಾತ್ರ ನಮಗೆ ಬರುತ್ತದೆ.

ನಮ್ಮದು ಯಲಹಂಕದಲ್ಲಿ ರೈಲ್ವೆ ಸ್ಟೇಷನ್ನಿನ ಕಡೆಗೆ ಒಂದು ಹೆಂಚಿನ ಮನೆ. ನಮ್ಮ ಯಜಮಾನರು ಯಶವಂತಪುರದ ಒಂದು ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿದ್ದರು. ಗಿರಣಿಯ ಸಾಹುಕಾರರಿಗೆ ಊರಿಗೆ ಹೋಗಿ ನೆಮ್ಮದಿಯಾಗಿರುವ ಮನಸ್ಸಾಯಿತು. "ಸಿದ್ದಪ್ಪ, ಐದು ಸಾವಿರ ತಂದ್ರೆ ಗಿರಣಿ ನಿಂದೇ. ಸೋಮವಾರದ ತನಕ ಕಾಯ್ತೀನಿ, ಆಮೇಲೆ ಇನ್ನೊಬ್ಬರು ಕೇಳ್ತಾವ್ರೆ" ಎಂದರು. ಆ ಇನ್ನೊಬ್ಬರಿಗೆ ಇಬ್ಬರು ಬೆಳೆದ ಗಂಡುಮಕ್ಕಳಿದ್ದರು. ಅವರು ಬಂದರೆ ನಮ್ಮವರ ಕೆಲಸ ಹೋದಂತೆಯೇ. ಗಿರಣಿಯ ಹಿಂದೆ ಎರಡು ಕೋಣೆ ಇತ್ತು, ಸಂಸಾರಕ್ಕೆ ಸಾಕು. ಮನೆ ಮಾರೋಣ ಎಂದೆ. ನಮ್ಮವರು ಯೋಚನೆ ಮಾಡಲು ಕೂತರು. ಅವರು ಯೋಚನೆ ಮಾಡಲು ಕೂತರೆ ಏಳುವುದು ಊಟಕ್ಕೆ ಮಾತ್ರ. ಅದಕ್ಕೇ ದಲ್ಲಾಳಿಗೆ ನಾನೇ ಹೇಳಿ ಕಳಿಸಿದೆ.

ಬಂದವನು ರಾಜಾನುಕುಂಟೆಯ ಮುನಿಶಾಮಪ್ಪ. ಸಂತೆಯ ದಿನ ಎತ್ತಿನ ದಲ್ಲಾಳಿ, ಉಳಿದ ದಿನ ಮನೆ ದಲ್ಲಾಳಿ. ಎರಡಕ್ಕೂ ಒಂದೇ ಟವೆಲ್ಲು, ಒಂದೇ ಬುದ್ಧಿ. ನಮ್ಮ ಮನೆಯನ್ನು ಮೂರು ಸುತ್ತು ಸುತ್ತಿದ, ಗೋಡೆಯ ಬೆನ್ನು ತಟ್ಟಿದ, ಬಾಗಿಲು ತೆರೆದು ಎತ್ತಿನ ಹಲ್ಲು ನೋಡುವವನ ಹಾಗೆ ಒಳಗೆ ಇಣುಕಿದ. "ಸುಳಿ ಚೆನ್ನಾಗದೆ ಕಣಕ್ಕ. ಇಂದ್ಗಡೆ ಗೋಡೆ ವಸಿ ಕುಂಟ್ತದೆ ಅಷ್ಟೆ" ಎಂದ.

ನಾನು ಓದಿದ್ದು ಎರಡನೇ ಕ್ಲಾಸು. ಶೇಕಡಾ ಅನ್ನುವುದು ನಮ್ಮ ಮೇಷ್ಟ್ರು ಹೇಳಿಕೊಡುವ ಮೊದಲೇ ನನ್ನನ್ನು ಸ್ಕೂಲು ಬಿಡಿಸಿದ್ದರು. ಆದರೂ ಇಷ್ಟು ಹೊಳೆಯಿತು: ಐದು ಸಾವಿರಕ್ಕೆ ಮಾರಿದರೆ ಇವನಿಗೆ ನೂರು ಹೋಗುತ್ತದೆ, ಗಿರಣಿಗೆ ನೂರು ಸಾಲದಾಗುತ್ತದೆ. "ಹಾಗಾದ್ರೆ ಐದು ಸಾವಿರದ ನೂರಕ್ಕೆ ಮಾರ್ಸು" ಎಂದೆ.

"ಆಗ ನಂಗೆ ನೂರಾ ಎರಡು ಬತ್ತದೆ ಕಣಕ್ಕ."

"ನಿಂಗೆ ಕೊಡೋಕೆ ಅಂತ್ಲೇ ಕೇಳ್ತಿರೋ ನೂರು ರೂಪಾಯ್ಗೂ ಕಮಿಷನ್ನಾ?"

"ಬಾಲನೂ ಎತ್ತಿಂದೇ ಅಲ್ವಾ?" ಎಂದು ಎಲೆಅಡಿಕೆ ಹಾಕಿಕೊಂಡ.

ಹನ್ನೊಂದು ಜನರನ್ನು ಕರೆತಂದ. ಒಬ್ಬನಿಗೆ ಬಾವಿ ದೂರ, ಒಬ್ಬನಿಗೆ ಬಾಗಿಲು ತೆಂಕಣಕ್ಕೆ. ಒಬ್ಬ ಮನೆ ನೋಡುತ್ತಲೇ ಮಜ್ಜಿಗೆ ಕೇಳಿ ಕುಡಿದು, ಇನ್ನೊಂದು ಲೋಟ ಕೇಳಿ ಹೋದ. ಕೊನೆಗೆ ಭಾನುವಾರ ಬೆಳಿಗ್ಗೆ ರೈಲ್ವೆ ಗಾರ್ಡ್ ಕೆಲಸದಿಂದ ನಿವೃತ್ತರಾದ ಸುಬ್ಬರಾಯರು, ಹೆಂಡತಿ ಕಮಲಮ್ಮನವರ ಜೊತೆ ಬಂದರು. ರೈಲಿನ ಸದ್ದು ಕೇಳಿಸದಿದ್ದರೆ ರಾಯರಿಗೆ ನಿದ್ದೆ ಬರುವುದಿಲ್ಲವಂತೆ. ಮನೆ ಒಪ್ಪಿಗೆಯಾಯಿತು. ದುಡ್ಡು ಅವರು ಜೊತೆಗೆ ತಂದ ಟ್ರಂಕಿನಲ್ಲೇ ಇತ್ತು. ಬೆಲೆ ಒಂದು ಕುದುರಬೇಕು.

ಮುನಿಶಾಮಪ್ಪ ಜಗಲಿಯ ಮೇಲೆ ಕೂತು ಟವೆಲ್ ಹಾಸಿದ. ಸಂತೆಯಲ್ಲಿ ಎತ್ತಿನ ವ್ಯಾಪಾರ ಹಾಗೆಯೇ. ಟವೆಲ್ಲಿನ ಕೆಳಗೆ ಕೈ ಹಿಡಿಯುತ್ತಾರೆ, ಬಾಯಿ ಬಿಡುವ ಹಾಗಿಲ್ಲ. ಎಷ್ಟು ಬೆರಳು ಅದುಮಿದರೆ ಅಷ್ಟು ಸಾವಿರ, ಆಮೇಲೆ ಅದುಮಿದರೆ ನೂರು. ತಲೆ ಅಲ್ಲಾಡಿಸಿದರೆ ಒಪ್ಪಿದಂತೆ. ಸುತ್ತ ನಿಂತ ಬೀದಿಯ ಜನಕ್ಕೆ ಗುಟ್ಟು ತಿಳಿಯಬಾರದು. ಮೊದಲು ರಾಯರ ಕೈ ಹಿಡಿದ, ಆಮೇಲೆ ನಮ್ಮವರ ಕೈ ಹಿಡಿದ.

ಇಲ್ಲೊಂದು ಮಾತು ಹೇಳಬೇಕು. ನಮ್ಮವರಿಗೆ ಅಂಗೈಯಲ್ಲಿ ವಿಪರೀತ ಕಚಗುಳಿ. ನಮ್ಮ ಧಾರೆಯ ಹೊತ್ತಿನಲ್ಲಿ ನನ್ನ ಕೈ ಸೋಕಿದ್ದೇ ಕಿಸಕ್ ಎಂದು ನಕ್ಕರು, ಪುರೋಹಿತರು ಮಂತ್ರ ನಿಲ್ಲಿಸಿ ಕಾಯಬೇಕಾಯಿತು. ನಮ್ಮ ಅಜ್ಜಿ ಹುಡುಗನಿಗೆ ಗಾಳಿ ಸೋಕಿದೆ ಎಂದು ಅತ್ತಿದ್ದರು. ಈಗ ಮುನಿಶಾಮಪ್ಪ ನಾಲ್ಕು ಬೆರಳು ಅದುಮಿದ. ನಮ್ಮವರು ಹಿಹಿಹಿ ಎಂದು ಭುಜ ಕುಣಿಸಿದರು. ಆಮೇಲೆ ಐದು ಅದುಮಿದ, ನಾಲ್ಕು ಸಾವಿರದ ಐನೂರು ಎಂದು. ಇವರು ನಗು ತಡೆಯಲಾರದೆ ತಲೆಯನ್ನು ಮೇಲೆ ಕೆಳಗೆ ಕುಲುಕಿಬಿಟ್ಟರು.

"ಒಪ್ಪುದ್ರು! ನಾಲ್ಕೂವರೆ ಸಾವ್ರ!" ಎಂದು ಮುನಿಶಾಮಪ್ಪ ಕೂಗಿದ.

ನನ್ನ ಗಿರಣಿ ಕಣ್ಣೆದುರಿಗೆ ನಿಂತೇ ಹೋಯಿತು. "ಒಪ್ಪಲಿಲ್ಲ ಕಣಯ್ಯ, ನಕ್ಕಿದ್ದು!" ಎಂದು ಕಿರುಚಿ, ಯಜಮಾನರನ್ನು ಪಕ್ಕಕ್ಕೆ ತಳ್ಳಿ, ನಾನೇ ಟವೆಲ್ಲಿನೊಳಗೆ ಕೈ ತೂರಿಸಿದೆ. ಮುನಿಶಾಮಪ್ಪ ಕೆಂಡ ಮುಟ್ಟಿದವನ ಹಾಗೆ ಕೈ ಎಳೆದುಕೊಂಡ. "ಅಯ್ಯಯ್ಯಪ್ಪ! ಎಂಗಸ್ರ ಕೈ ಇಡಿಯೋ ಯಾಪಾರ ನಂದಲ್ಲ ಕಣಕ್ಕ!" ಬೀದಿಯೆಲ್ಲ ನಗತೊಡಗಿತು.

ಆಗ ಕಮಲಮ್ಮನವರು ಸೆರಗು ಸಿಕ್ಕಿಸಿಕೊಂಡು ಬಂದು ನನ್ನೆದುರು ಕೂತರು. "ನನ್ನ ಕೈ ಹಿಡೀರಿ. ಇವರ ಕೈಲಿ ಬಿಟ್ರೆ ಇಲ್ಲೇ ಕತ್ತಲಾಗತ್ತೆ" ಎಂದು ಕೈ ತೂರಿಸಿದರು. ಗುಟ್ಟಿನ ವ್ಯಾಪಾರವಂತೆ! ನಮ್ಮಿಬ್ಬರ ಗಾಜಿನ ಬಳೆಗಳು ಇಡೀ ಬೀದಿಗೆ ಕೇಳುವಂತೆ ಜಗಳವಾಡಿದವು. ಅವರು ನಾಲ್ಕು ಅದುಮಿದರೆ ನಾನು ಐದು. ಅವರು ಜಿಗುಟಿದರು, ನಾನೂ ಜಿಗುಟಿದೆ. ಅವರಿಗೆ ನಗು ಬಂತು, ನನಗೂ ಬಂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ಕಡೆಗೆ ಐದು ಬೆರಳು, ಮೇಲೆ ಒಂದು ಬೆರಳು. ನಾನು ಬಿಡದೆ ಕಿರುಬೆರಳ ತುದಿಯನ್ನು ಎರಡು ಸಲ ಅದುಮಿದೆ. ಐದು ಸಾವಿರದ ನೂರಾ ಎರಡು! ಅವರು ತಲೆ ಅಲ್ಲಾಡಿಸಿದರು, ರಾಯರು ಟ್ರಂಕು ತೆರೆದು ದುಡ್ಡು ಎಣಿಸಿ ಕೊಟ್ಟರು.

"ನಂಗೆ ನೂರಾ ಎರಡು ರೂಪಾಯಿ ನಾಲ್ಕು ಪೈಸೆ. ರಾಯ್ರ ಕಡೆಯಿಂದ್ಲೂ ಅಷ್ಟೇಯ" ಎಂದು ಮುನಿಶಾಮಪ್ಪ ಎರಡೂ ಕೈ ಚಾಚಿದ.

"ಹಿಡಿದಿದ್ದು ನನ್ನ ಕೈ, ಆಕೆ ಕೈ. ನೀನೇನು ಮಾಡ್ದೆ ಅಂತ ಕೊಡ್ಬೇಕು?"

"ಟವಲ್ ಯಾರ್ದು?"

ಐವತ್ತು ವರ್ಷದಿಂದ ಇದಕ್ಕೆ ಉತ್ತರ ಹುಡುಕುತ್ತಿದ್ದೇನೆ. ನಾಲ್ಕು ಪೈಸೆ ಬಿಡಿಸಿಕೊಂಡು ನೂರಾ ಎರಡನ್ನು ಎಣಿಸಿ ಕೊಟ್ಟೆ. ಕಮಲಮ್ಮನವರು, "ಕೊಳ್ಳೋರು ಯಾಕ್ರೀ ಕೊಡ್ಬೇಕು?" ಎಂದು ಗೊಣಗಿದರು. ನನ್ನ ಐದು ಸಾವಿರ ಆಗಲೇ ಮಡಿಲಲ್ಲಿತ್ತಲ್ಲ, ಧಾರಾಳವಾಗಿ ನ್ಯಾಯ ಹೇಳಿದೆ: "ಪದ್ಧತಿ ಕಣ್ರೀ, ಕೊಟ್ಬಿಡಿ. ಪಾಪ, ಅವ್ರೂ ಹೊಟ್ಟೆ ಹೊರೀಬೇಕಲ್ಲ."

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಯಶವಂತಪುರಕ್ಕೆ ಹೋದೆವು. ಸಾಹುಕಾರರು ದುಡ್ಡು ಎಣಿಸಿಕೊಂಡು ಗಿರಣಿಯ ಬೀಗದ ಕೈ ಕೊಟ್ಟರು. ಪಕ್ಕದಲ್ಲಿ ಕೂತಿದ್ದ ಒಬ್ಬ ದಪ್ಪ ಮನುಷ್ಯ ಕೆಮ್ಮಿದ. ಗಿರಣಿಯ ದಲ್ಲಾಳಿಯಂತೆ. ಕೊಳ್ಳುವವರ ಪಾಲು ನೂರು ರೂಪಾಯಿಯಂತೆ. ನಾನು ಬಾಯಿ ತೆರೆದೆ, ಹಿಂದಿನ ದಿನ ನಾನೇ ಹೇಳಿದ ನ್ಯಾಯ ಅಡ್ಡ ಬಂತು. ನನ್ನ ಹತ್ತಿರ ಉಳಿದಿದ್ದು ಬಸ್ಸಿನ ಚಿಲ್ಲರೆ. ನೂರು ರೂಪಾಯಿ ತೀರುವ ತನಕ ನಿಮ್ಮ ಮನೆಯ ರಾಗಿ ಬಿಟ್ಟಿ ಬೀಸಿಕೊಡುತ್ತೇನೆ ಎಂದೆ. ಆತ ಅಷ್ಟು ಬೇಗ ಒಪ್ಪಿದ್ದು ಯಾಕೆಂದು ಮೂಟೆಗಳು ಗಾಡಿಯಲ್ಲಿ ಬಂದಾಗ ತಿಳಿಯಿತು. ಆತನ ಮನೆಯಲ್ಲಿ ಇಪ್ಪತ್ತಾರು ಜನ.

ಹೀಗೆ ಗಿರಣಿಯ ಒಡತಿಯಾದ ಮೊದಲ ಬೆಳಿಗ್ಗೆ, ತಲೆಗೆ ಬಟ್ಟೆ ಕಟ್ಟಿಕೊಂಡು, ಕಾಸು ಕೊಡುವ ಒಬ್ಬ ಗಿರಾಕಿಯೂ ಬರುವ ಮೊದಲು ಒಬ್ಬ ದಲ್ಲಾಳಿಯ ರಾಗಿಯನ್ನು ಬೀಸಿದೆ. ಆತ ಚಿಟಿಕೆ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ, "ತರಿತರಿ ಆಗಿದೆ ಕಣಮ್ಮ, ಇನ್ನೊಂದ್ಸಲ ಬಿಡು" ಎಂದ. ಇನ್ನೊಂದು ಸಲ ಬೀಸಿದೆ.