ಮಂತ್ರಿಗೆ ಬುದ್ಧಿ ಬಂದ ದಿನ

ಎಲ್ಲ ಎಡವಟ್ಟಿಗೂ ಕಾರಣ ಮಂತ್ರಿಯ ಬೆನ್ನಿನ ತುರಿಕೆ.

ಇರ್ಫಾನ್ ಕಾಪುವಿನ ಮೀನು ವ್ಯಾಪಾರಿಗಳ ಸೊಸೈಟಿಯಲ್ಲಿ ತಾತ್ಕಾಲಿಕ ಗುಮಾಸ್ತ. ಅವನು ಬರೆದ ಮಾಯಾಲೋಕದ ಕಾದಂಬರಿಯಲ್ಲಿ ಸಿಂಹಾಸನಕ್ಕೆ ಸಂಚು ಹೂಡುವ ಒಬ್ಬ ಮಂತ್ರಿ. ಮೊದಲ ಭಾಗ ಓದಿದವರು, "ಇವನು ಬರೀ ಕೆಟ್ಟವ, ಮನುಷ್ಯನ ಹಾಗೆಯೇ ಇಲ್ಲ" ಎಂದಿದ್ದರು. ಸರಿ, ಎರಡನೇ ಭಾಗದಲ್ಲಿ ಅವನಿಗೆ ಒಂದಷ್ಟು ದೌರ್ಬಲ್ಯ ಕೊಟ್ಟು, ಕೊನೆಗೆ ಬುದ್ಧಿಯೂ ಬರುವ ಹಾಗೆ ಮಾಡಿದ. ದೌರ್ಬಲ್ಯ ಎಲ್ಲಿಂದ ತರುವುದು? ದಿನವಿಡೀ ಎದುರಿಗೆ ಕೂತವರು ಅಧ್ಯಕ್ಷ ಮೊಯಿದಿನಬ್ಬ. ಅವರು ಮರದ ಸ್ಕೇಲಿನಿಂದ ಬೆನ್ನು ತುರಿಸಿಕೊಂಡರೆ ಮಂತ್ರಿ ರಾಜದಂಡದಿಂದ ತುರಿಸಿಕೊಂಡ. ಅವರು ಮೀನಿನ ವಾಸನೆಗೇ ವಾಂತಿ ಮಾಡುವ ಭಾವನನ್ನು ಏಲಂ ಉಸ್ತುವಾರಿಗೆ ಕೂರಿಸಿದರೆ, ಮಂತ್ರಿ ದೋಣಿ ಕಂಡರೆ ತಲೆ ತಿರುಗುವ ಭಾವನನ್ನು ನೌಕಾಪಡೆಯ ದಂಡನಾಯಕನನ್ನಾಗಿ ಮಾಡಿದ.

ಇವತ್ತು ಸಂಜೆ ಆ ಎರಡನೇ ಭಾಗದ ಬಿಡುಗಡೆ, ಅದೂ ಮೊಯಿದಿನಬ್ಬರ ಕೈಯಿಂದಲೇ. ಇರ್ಫಾನನ ಕೆಲಸ ಖಾಯಂ ಆಗಲು ಬಾಕಿ ಇದ್ದದ್ದು ಅವರದೇ ಒಂದು ಸಹಿ.

ಬೆಳಿಗ್ಗೆ ಬಂಗುಡೆ ಮಾರುವ ಮೋಹಿನಿ ಅವನನ್ನು ತಡೆದಳು. "ಪ್ರೆಸ್ಸಿನಲ್ಲಿರುವ ನನ್ನ ಮಗಳು ನಿನ್ನ ಪುಸ್ತಕ ಓದಿ ಹೇಳಿದಳು. ಆ ಮಂತ್ರಿ ನಮ್ಮ ಮೊಯಿದಿನಬ್ಬರೇ ಅಲ್ವಾ?"

"ಅಯ್ಯೋ ಅಕ್ಕ, ಅದು ಕಲ್ಪನೆ."

"ಎಂತ ಕಲ್ಪನೆ? ಭಾವನನ್ನೂ ಬಿಡಲಿಲ್ಲವಲ್ಲ ನೀನು."

ಇರ್ಫಾನ್ ಆಫೀಸಿಗೆ ಓಡಿ ಅಕೌಂಟೆಂಟ್ ಲಿಡ್ವಿನ್‌ನ ಹತ್ತಿರ ಗೋಳು ತೋಡಿಕೊಂಡ.

"ಹೆದರಬೇಡ ಮಾರಾಯ," ಎಂದ ಲಿಡ್ವಿನ್. "ಅಧ್ಯಕ್ಷರಿಗೆ ಭಾಷಣಕ್ಕೆ ಸುಲಭವಾಗಲಿ ಅಂತ ಮಂತ್ರಿ ಬರುವ ಕಡೆಗೆಲ್ಲ ಗೀಟು ಎಳೆದು, ನಿನ್ನೆಯೇ ಪುಸ್ತಕ ಕೊಟ್ಟಿದ್ದೇನೆ."

ಇಂಥ ಉಪಕಾರಿಗಳಿರುವಾಗ ಶತ್ರುಗಳು ಬೇರೆ ಯಾಕೆ ಬೇಕು? ಪುಸ್ತಕ ಹೇಗಾದರೂ ವಾಪಸು ತರೋಣವೆಂದು ಇರ್ಫಾನ್ ಅಧ್ಯಕ್ಷರ ಮನೆಗೆ ಧಾವಿಸಿದ. ಬಾಗಿಲಲ್ಲಿ ಅವರ ಹೆಂಡತಿ ಸೌದಾ ನಿಂತಿದ್ದರು.

"ಎಂತ ಬರೆದಿದ್ದೀಯ ನೀನು? ಕೋಣೆ ಬಾಗಿಲು ಹಾಕಿಕೊಂಡು ಓದುತ್ತಾ ಇದ್ದಾರೆ. ತಿಂಡಿ ಬೇಡವಂತೆ. ಸ್ಕೇಲನ್ನು ಕಿಟಕಿಯಿಂದ ಹೊರಗೆ ಬಿಸಾಡಿದ್ದಾರೆ."

ಕೆಲಸ ಹೋಯಿತು ಎಂದೇ ಇರ್ಫಾನ್ ತಿಳಿದ. ಸಂಜೆ ವೇದಿಕೆಯ ಮೇಲೆ ಕೋಳಿ ಅಂಗಡಿಯ ಕೋಳಿಯ ಹಾಗೆ ಮುದುಡಿ ಕೂತ.

ಮೊಯಿದಿನಬ್ಬ ಮೈಕ್ ಹಿಡಿದರು. "ಈ ಮಂತ್ರಿ ನಾನೇ."

ಇರ್ಫಾನ್ ಓಡಲು ದಾರಿ ಎಲ್ಲುಂಟು ಎಂದು ನೋಡಿದ.

"ಕಲ್ಪನೆ ಅಂತ ಇವನು ಹೇಳಬಹುದು. ನನ್ನ ಬೆನ್ನು ನನಗೆ ಗೊತ್ತುಂಟು. ಮಂತ್ರಿಗೆ ಬುದ್ಧಿ ಬರುವುದಾದರೆ ನನಗೆ ಯಾಕೆ ಬರಬಾರದು? ಭಾವನನ್ನು ತೆಗೆದಿದ್ದೇನೆ. ಮಂತ್ರಿಯ ಹಾಗೆ ನಾನೂ ಇವತ್ತಿಗೆ ಕುರ್ಚಿ ಬಿಡುತ್ತೇನೆ."

ಚಪ್ಪಾಳೆಯೋ ಚಪ್ಪಾಳೆ. ಮೊಯಿದಿನಬ್ಬ ಇರ್ಫಾನನನ್ನು ಬಿಗಿದಪ್ಪಿಕೊಂಡರು. ಅವನಿಗೆ ಹೋದ ಜೀವ ಬಂದಂತಾಯಿತು.

ಆಮೇಲೆ ಸಹಿ ನೆನಪಾಯಿತು. ಅವರು ವೇದಿಕೆ ಇಳಿಯುವ ಮೊದಲೇ ಕಾಗದ, ಪೆನ್ನು ಹಿಡಿದು ಅಡ್ಡ ನಿಂತ. "ಕುರ್ಚಿ ಬಿಡುವ ಮೊದಲು ನನ್ನದೊಂದಕ್ಕೆ..."

ಮೊಯಿದಿನಬ್ಬ ಪ್ರೀತಿಯಿಂದ ಪೆನ್ನನ್ನು ಅವನ ಜೇಬಿಗೇ ಸಿಕ್ಕಿಸಿದರು.

"ಕೊನೆಯ ದಿನ ಮಂತ್ರಿ ತನ್ನವರ ಯಾವ ಕಾಗದಕ್ಕೂ ಮುದ್ರೆ ಒತ್ತಿಕೊಡುವುದಿಲ್ಲ, ಅಲ್ವಾ? ಆ ಪುಟ ಓದಿ ನಾನು ಅತ್ತೇಬಿಟ್ಟೆ. ಎಷ್ಟು ಚಂದ ಬರೆದಿದ್ದೀಯ ಮಾರಾಯ."