ಬಾಯಿಬಿಟ್ಟ ಕಾರು

ತನ್ನ ಹೊಸ ಕಾರಿಗೆ ಪರರ ಕೈ ಸೋಕಗೊಡುವುದಿಲ್ಲ ಎಂದು ಅಮ್ಮಾನ್ ನಗರದ ಕಿಟಕಿ ಪರದೆ ಅಂಗಡಿಯ ಹಿಕ್ಮತ್ ಪಣ ತೊಟ್ಟಿದ್ದ.

ಕಾರು ಚೀನಾದಿಂದ ಹಡಗು ಹತ್ತಿ ಬಂದದ್ದು. ಅದರ ನಡುವೆ ಟೀವಿಯಷ್ಟು ಅಗಲದ ಪರದೆ. ಹಾಡು, ಗಾಳಿ, ಗಾಜು, ಸೀಟು, ಡಿಕ್ಕಿ ಎಲ್ಲವೂ ಆ ಪರದೆಯ ಅಧೀನ. ಆದರೆ ಅಲ್ಲಿ ಬರೆದದ್ದೆಲ್ಲ ಚೀನೀ ಲಿಪಿ. ಬಾಗಿಲು ತೆರೆದರೆ ಒಳಗಿನಿಂದ ಹೆಣ್ಣುದನಿಯೊಂದು ಚೀನೀ ಭಾಷೆಯಲ್ಲಿ ಏನೋ ಹೇಳುತ್ತಿತ್ತು. ಹಿಕ್ಮತ್ ಅದಕ್ಕೆ "ವಲೈಕುಂ ಸಲಾಂ" ಎಂದು ಉತ್ತರ ಕೊಟ್ಟು ಕೂರುತ್ತಿದ್ದ.

"ಬಯಾದೆರ್ ಪೇಟೇಲಿ ಕಾರಿನ ಭಾಷೆ ಬದಲಾಯಿಸಿ ಕೊಡೋರು ಸಾಲಾಗಿ ಅಂಗಡಿ ಇಟ್ಕೊಂಡಿದ್ದಾರೆ. ಒಂದ್ಸಲ ತೋರಿಸ್ಕೊಂಡು ಬನ್ನಿ" ಎಂದಳು ಹೆಂಡತಿ ಇನ್ಸಾಫ್.

"ಜೀವಮಾನ ಪೂರ್ತಿ ಪರದೆ ಮಾರಿದೋನಿಗೆ ಒಂದು ಪರದೆ ಓದೋಕೆ ಬರಲ್ವಾ? ಎಲ್ಲದಕ್ಕೂ ಚಿತ್ರ ಇದೆ. ಚಿತ್ರಕ್ಕೆ ಯಾವ ಭಾಷೆ?"

"ಮೊನ್ನೆ ಹಾಡಿನ ಚಿತ್ರ ಅಂತ ಒತ್ತಿದ್ರಿ. ಡಿಕ್ಕಿ ತೆರ್ಕೊಂಡು ಟೊಮೇಟೊ ಎಲ್ಲಾ ರಸ್ತೆ ಪಾಲಾಯ್ತು."

"ಅದು ಕಾರಿನ ತಪ್ಪಲ್ಲ. ನೀನು ಚೀಲದ ಬಾಯಿ ಕಟ್ಟಿರ್ಲಿಲ್ಲ."

ಸೇವೆಯಲ್ಲಂತೂ ಹಿಕ್ಮತ್ ಕೊರತೆ ಮಾಡಿರಲಿಲ್ಲ. ಅಂಗಡಿಯ ಮಖಮಲ್ ತುಂಡಿನಿಂದ ಪರದೆ ಒರೆಸುತ್ತಿದ್ದ. ಸ್ಪೀಕರಿನ ಜಾಲರಿಯ ಸಂದುಗಳಲ್ಲಿ ಕೂತ ಧೂಳನ್ನು ಹೆಂಡತಿಯ ಪೌಡರ್ ಬ್ರಶ್ಶಿನಿಂದ ಕೆದಕುತ್ತಿದ್ದ. ಇನ್ಸಾಫ್ ಬ್ರಶ್ ಹುಡುಕುತ್ತ ಹೊರಗೆ ಬಂದರೆ, "ಇರೇ, ಇವಳ ಮುಖ ತೊಳೀತಿದೀನಿ" ಎನ್ನುತ್ತಿದ್ದ.

ಹೀಗಿರುವಾಗ ತಮ್ಮನ ಮಗ ಐಹಮ್‌ನ ಮದುವೆ ಮಾತು ಬಂತು. ತಮ್ಮ ತೀರಿಕೊಂಡು ವರ್ಷಗಳಾಗಿದ್ದವು. ಹುಡುಗನಿಗೆ ಅಪ್ಪನ ಸ್ಥಾನದಲ್ಲಿ ನಿಲ್ಲಬೇಕಾದವನು ಹಿಕ್ಮತನೇ. ಹುಡುಗಿ ಬಯಾನ್, ಸಾಲ್ಟ್ ಊರಿನವಳು. ಹೆಣ್ಣು ಕೇಳಲು ಗಂಡಿನ ಕಡೆಯ ಹಿರಿಯರೆಲ್ಲ ದಂಡುಕಟ್ಟಿ ಹೋಗಬೇಕು. ಅದಕ್ಕೆ ಜಾಹಾ ಎನ್ನುತ್ತಾರೆ. ದಂಡಿಗೊಬ್ಬ ಮುಖಂಡ ಬೇಕು. ಅವನು ಎದ್ದು ನಿಂತು ಮಾತಾಡಬೇಕು, ಹೆಣ್ಣಿನ ಕಡೆಯವರು ಮುಂದಿಟ್ಟ ಕಾಫಿಯನ್ನು ಮುಟ್ಟದೆ, "ನಮ್ಮ ಕೋರಿಕೆ ನಡೆಸಿಕೊಡೋ ತನಕ ಕುಡಿಯೋದಿಲ್ಲ" ಎನ್ನಬೇಕು. ಒಪ್ಪಿದರೆ ಕಾಫಿ ಗಂಟಲಿಗೆ ಇಳಿಯುತ್ತದೆ. ಒಪ್ಪದಿದ್ದರೆ ಕಾಫಿಯೂ ಮಾನವೂ ಒಟ್ಟಿಗೆ ಆರುತ್ತವೆ.

ಮುಖಂಡರಾಗಿ ಸಿಕ್ಕವರು ಹಾಜಿ ಅಬು ದಿರ್ಗಾಮ್. ಅಮ್ಮಾನಿನಲ್ಲಿ ಅವರು ಕೂಡಿಸದ ಸಂಬಂಧವಿಲ್ಲ. ಕೂಡಿಸುವಾಗ ಭಾಷಣವನ್ನು ಸೃಷ್ಟಿಯ ಮೊದಲ ದಿನದಿಂದ ಶುರುಮಾಡುತ್ತಾರೆ ಎನ್ನುವುದೊಂದೇ ಅವರ ಮೇಲಿದ್ದ ದೂರು.

"ಹಾಜಿ ನನ್ನ ಕಾರಲ್ಲೇ ಬರಬೇಕು" ಎಂದು ಹಿಕ್ಮತ್ ಎಲ್ಲರ ಮುಂದೆ ಘೋಷಿಸಿದ.

ಜುಲೈ ತಿಂಗಳ ಮಧ್ಯಾಹ್ನ. ಹಾಜಿಯವರು ಕಸೂತಿ ಅಂಚಿನ ನಿಲುವಂಗಿ ತೊಟ್ಟು ಹಿಂದಿನ ಸೀಟಿನಲ್ಲಿ ಒರಗಿದರು. ಅವರಿಗೆ ಸೀಟಿನೊಳಗಿಂದ ತಂಗಾಳಿ ಬಿಡಿಸಬೇಕು ಎನ್ನುವುದು ಹಿಕ್ಮತನ ಆಸೆ. ಪರದೆಯಲ್ಲಿ ಸೀಟಿನ ಚಿತ್ರವಿತ್ತು, ಬೆನ್ನಿನಲ್ಲಿ ಮೂರು ಅಲೆಯಂಥ ಗೆರೆಗಳಿದ್ದವು. ಅಲೆ ಅಂದ ಮೇಲೆ ಗಾಳಿಯೇ. ಒತ್ತಿದ.

ಸುವೈಲೆಹ್ ದಾಟುವ ಹೊತ್ತಿಗೆ ಹಾಜಿಯವರು ಒಂದು ಮಗ್ಗುಲಿಗೆ ವಾಲಿದರು. ಏರು ರಸ್ತೆ ಶುರುವಾಗುವಷ್ಟರಲ್ಲಿ ಇನ್ನೊಂದು ಮಗ್ಗುಲಿಗೆ ವಾಲಿದರು.

"ಅಬು ನಿಜಾರ್," ಎಂದರು. ಹಿರಿಮಗ ನಿಜಾರ್ ಹುಟ್ಟಿದಂದಿನಿಂದ ಹಿಕ್ಮತ್ ಊರಿಗೆಲ್ಲ ಅಬು ನಿಜಾರ್, ಅಂದರೆ ನಿಜಾರನ ಅಪ್ಪ. "ಈ ಸೀಟು ಯಾಕೋ ಸುಡ್ತಾ ಇದೆಯಲ್ಲಪ್ಪ."

"ಬಿಸಿಲು ಹಾಜಿ. ಒಳ್ಳೇ ಚರ್ಮ ನೋಡಿ, ಬಿಸಿಲು ಹೀರ್ಕೊಳ್ಳುತ್ತೆ."

ಬಾಯಲ್ಲಿ ಹಾಗೆಂದನೇ ಹೊರತು ಕೈ ಪರದೆಯ ಮೇಲೆ ತಡಕಾಡುತ್ತಿತ್ತು. ಸೀಟಿನ ಚಿತ್ರ ಎಲ್ಲೋ ಮಾಯವಾಗಿತ್ತು. ಬದಲಿಗೆ ಒಂದು ಪುಟ್ಟ ಕಾರಿನ ಚಿತ್ರ, ಅದರ ಮೂತಿಯಿಂದ ಹೊರಕ್ಕೆ ಹೊರಟ ಬಾಗಿದ ಗೆರೆಗಳು. ಒಳಗಿನ ಬಿಸಿ ಹೊರಗೆ ಹೋಗುವ ದಾರಿ ಇದೇ ಎಂದು ಹಿಕ್ಮತನ ಬುದ್ಧಿಗೆ ಹೊಳೆಯಿತು. ಒತ್ತಿದ. ಹೆಣ್ಣುದನಿ ಚೀನೀ ಭಾಷೆಯಲ್ಲಿ ಬಹಳ ಹೊತ್ತು ಏನೋ ವಿವರಿಸಿತು.

"ಆಯ್ತು ಅಂತಿದ್ದಾಳೆ ಹಾಜಿ. ಇನ್ನು ತಣ್ಣಗಾಗುತ್ತೆ."

ಆ ಗೆರೆಗಳು ಬಿಸಿಯದ್ದಲ್ಲ, ದನಿಯದ್ದು. ಆ ಕಾರಿನ ಮುಂದಿನ ಬಂಪರಿನ ಕೆಳಗೆ ಒಂದು ಧ್ವನಿವರ್ಧಕವಿತ್ತು. ಕಾರಿಗೆ ಕೂಡಿಸಿದ ಫೋನಿನಲ್ಲಿ ಆಡಿದ್ದನ್ನೆಲ್ಲ ಹೊರಗಿನವರಿಗೆ ಕೇಳಿಸುವುದು ಅದರ ಕೆಲಸ. ಚೀನಾದಲ್ಲಿ ಅದರಿಂದ ಯಾರಿಗೆ ಏನು ಉಪಯೋಗವೋ. ಸೀಟು ಮಾತ್ರ ಸಾಲ್ಟ್ ತಲುಪುವ ತನಕ ಕಾಯುತ್ತಲೇ ಇತ್ತು.

ಹುಡುಗಿಯ ಮನೆ ಗುಡ್ಡದ ಇಳಿಜಾರಿನಲ್ಲಿ, ಹಳದಿ ಕಲ್ಲಿನ ಮನೆ. ಅಂಗಳದ ತುಂಬ ಕುರ್ಚಿಗಳು. ಎಲ್ಲರೂ ಕಾರುಗಳನ್ನು ರಸ್ತೆಯ ಮೇಲೇ ಬಿಟ್ಟು ನಡೆದು ಇಳಿದರು. ಹಿಕ್ಮತ್ ಮಾತ್ರ ತನ್ನ ಕಾರನ್ನು ಕೆಳಗಿಳಿಸಿ, ಅಂಗಳದ ಗೇಟಿಗೆ ಮೂತಿ ತಾಗುವಂತೆ ನಿಲ್ಲಿಸಿದ. ಬೀಗರು ನೋಡಲಿ ಎಂದು.

ಗಂಡಸರೆಲ್ಲ ಎದುರುಬದುರು ಕೂತರು. ಹೆಂಗಸರು ಮಹಡಿಯ ಕಿಟಕಿಗಳ ಹಿಂದೆ ನಿಂತರು. ಹುಡುಗಿಯ ತಂದೆ ಅಬು ಸಾಹೆರ್, ತೆಳ್ಳನೆ ಮೈಯ ಮೆದುಮಾತಿನ ಮನುಷ್ಯ, ತಾನೇ ಕೈಯಾರೆ ಹಾಜಿಯವರ ಮುಂದೆ ಏಲಕ್ಕಿ ಪರಿಮಳದ ಕಾಫಿ ಇಟ್ಟ. ಹಾಜಿಯವರು ಅದನ್ನು ಮುಟ್ಟದೆ ನಿಂತು, ಬೆನ್ನನ್ನು ಒಮ್ಮೆ ಸವರಿಕೊಂಡು, "ದೇವರು ಮಣ್ಣನ್ನು ಕೈಗೆತ್ತಿಕೊಂಡು ಆದಮನನ್ನು ಮಾಡಿದಾಗ" ಎಂದು ಶುರುಮಾಡಿದರು.

ಅಷ್ಟರಲ್ಲಿ ಹಿಕ್ಮತನ ಜೇಬಿನಲ್ಲಿ ಫೋನು ನಡುಗಿತು. ಅಮ್ಮಾನಿನ ಮನೆಯಿಂದ ಇನ್ಸಾಫ್. ಸಭೆಯಲ್ಲಿ ಮಾತಾಡುವುದು ಅಸಭ್ಯ ಎಂದು ಅವನು ಮೆಲ್ಲಗೆ ಎದ್ದು ಕಾರಿಗೆ ಹೋಗಿ, ಬಾಗಿಲು ಹಾಕಿ, ಗಾಜು ಏರಿಸಿ, ತಂಪು ಗಾಳಿ ಜೋರು ಮಾಡಿ ಕೂತ. ಗೋಡೆಗೆ ಕಿವಿ ಇರುತ್ತದೆ ಎನ್ನುವುದು ಅವನಿಗೆ ಗೊತ್ತಿತ್ತು. ಕಾರಿಗೆ ಬಾಯಿ ಇರುತ್ತದೆ ಎನ್ನುವುದು ಗೊತ್ತಿರಲಿಲ್ಲ.

"ಕಾಫಿ ಕುಡಿದ್ರಾ?" ಎಂದಳು ಇನ್ಸಾಫ್.

"ಎಲ್ಲಿ ಕುಡಿಯೋದು? ಹಾಜಿ ಈಗಿನ್ನೂ ಆದಮನಿಗೆ ಮಣ್ಣು ಕಲಸ್ತಾ ಇದ್ದಾರೆ. ಆಮೇಲೆ ಜಲಪ್ರಳಯ ಬಂದು ಇಳಿಯೋ ತನಕ ಕಾಯ್ಬೇಕು."

"ಹಾಗೆಲ್ಲ ಅನ್ಬೇಡಿ. ಹಿರಿಯರು."

"ಹಿರಿಯರೇ, ಇಲ್ಲ ಅಂದೋರ್ಯಾರು? ಎಲ್ಲಿ ಕುನಾಫಾ ಸಿಹಿ ಹಂಚ್ತಾರೋ ಅಲ್ಲೆಲ್ಲ ಹಿರಿತನ ಮಾಡ್ತಾರೆ. ಪಾಪ, ದಾರೀಲಿ ಸೀಟು ಕಾದು ಬೆನ್ನು ಸುಟ್ಟ ಬದನೆಕಾಯಿ ಆಗಿದೆ. ಬಿಸಿಲು ಅಂದೆ. ನಂಬಿದ್ರು."

ಗಾಜಿನಾಚೆ ಅಂಗಳದ ತಲೆಗಳೆಲ್ಲ ಒಂದೊಂದಾಗಿ ಕಾರಿನತ್ತ ತಿರುಗುತ್ತಿದ್ದವು. ಹಾಜಿಯವರೂ ಮಾತು ನಿಲ್ಲಿಸಿ ಇತ್ತಲೇ ನೋಡುತ್ತಿದ್ದರು. ಕಾರಿನ ಅಂದ ಕಣ್ಣಿಗೆ ಬಿತ್ತಲ್ಲ ಎಂದು ಹಿಕ್ಮತನಿಗೆ ಎದೆಯುಬ್ಬಿತು. ನಗುತ್ತ ಎಲ್ಲರಿಗೂ ಕೈ ಬೀಸಿದ.

"ಬೀಗರು ಹೇಗೆ?"

"ಒಳ್ಳೆ ಜನ. ಹೇಳಿದ್ದನ್ನ ನಂಬೋ ಜನ. ಅದೇ ನೋಡು ನಂಗೆ ಕಸಿವಿಸಿ. ನಿನ್ನ ಹತ್ರ ಮಾತ್ರ ಹೇಳ್ತೀನಿ, ವಿದಾದ್ ಪಕ್ಕದಲ್ಲಿಲ್ಲ ತಾನೆ?" ವಿದಾದ್ ಐಹಮ್‌ನ ತಾಯಿ.

"ಅಡುಗೆಮನೇಲಿದ್ದಾಳೆ. ಏನು?"

"ಆ ಹುಡುಗಿ ನಮ್ಮ ಐಹಮ್‌ಗೆ ಜಾಸ್ತಿಯಾಯ್ತು ಕಣೇ. ಒಬ್ಬಳೇ ಔಷಧಿ ಅಂಗಡಿ ನಡೆಸ್ತಾಳೆ, ಮನೇನೂ ನಡೆಸ್ತಾಳೆ. ನಮ್ಮೋನು? ಕುಡಿದ ಟೀ ಲೋಟ ಎತ್ತಿಡೋಕೂ ಅವನಮ್ಮ ಬರಬೇಕು. ನನ್ನ ಮಗಳಾಗಿದ್ರೆ ನಾನಂತೂ ಕೊಡ್ತಿರ್ಲಿಲ್ಲ. ಇವರು ವಿಚಾರಿಸೋಕೆ ಬಂದಾಗ ನಮ್ಮ ಗಲ್ಲಿಯೋರೆಲ್ಲ ಹುಡುಗ ಚಿನ್ನ ಅಂದ್ರಲ್ಲ, ನಾನೇ ಹೇಳ್ಕೊಟ್ಟಿದ್ದು. ಗುಟ್ಟು ಬಯಲಾಗೋಕೆ ಮುಂಚೆ ಕಾಫಿ ಒಂದು ಗಂಟಲಿಗೆ ಇಳಿದ್ರೆ ಸಾಕು."

"ಛೆ, ಎಂಥ ಮಾತು."

"ಸರಿ ಸರಿ, ನಾನು ಹೋಗ್ತೀನಿ. ಫೋನ್ ಇಡಬೇಡ, ಜೇಬಲ್ಲಿ ಹಾಗೇ ಇಟ್ಕೋತೀನಿ. ಒಪ್ಪಿಗೆ ಕೊಡೋದನ್ನ ನೀವಿಬ್ಬರೂ ಕೇಳ್ಬಹುದು."

ಹಾಜಿಯವರಿಗೆ ವಾಪಸು ಹೋಗುವಾಗ ತಣ್ಣಗಿರಲಿ ಎಂದು ಕಾರನ್ನು ಆರಿಸದೆ ಹಾಗೇ ಬಿಟ್ಟು, ಹಿಕ್ಮತ್ ಅಂಗಳಕ್ಕೆ ಬಂದು ತನ್ನ ಕುರ್ಚಿಯಲ್ಲಿ ಕೂತ. ಯಾರೂ ಮಾತಾಡುತ್ತಿರಲಿಲ್ಲ. ಭಾಷಣದ ಪ್ರಭಾವ ಇರಬೇಕು ಎಂದುಕೊಂಡ.

"ಅಬು ನಿಜಾರ್," ಎಂದ ಅಬು ಸಾಹೆರ್, "ನಿಮ್ಮ ಕಾರು ತುಂಬ ಚೆನ್ನಾಗಿ ಮಾತಾಡುತ್ತೆ."

"ಮಾತಾಡುತ್ತೆ, ಮಾತಾಡುತ್ತೆ," ಹಿಕ್ಮತ್ ಹಿಗ್ಗಿದ. "ಏನು ಪ್ರಯೋಜನ? ಎಲ್ಲಾ ಚೀನೀ. ಯಾರಿಗೂ ಅರ್ಥ ಆಗಲ್ಲ."

"ಇಲ್ಲ. ಈಗ ಅರಬ್ಬೀಲೇ ಮಾತಾಡ್ತು. ಆದಮನ ಮಣ್ಣು, ಹಾಜಿಯವರ ಬದನೆಕಾಯಿ, ಹುಡುಗನ ಟೀ ಲೋಟ. ಎಲ್ಲಾ ಅರ್ಥ ಆಯ್ತು."

ಹಿಕ್ಮತ್ ಕಾರಿನತ್ತ ನೋಡಿದ. ಹಾಜಿಯವರತ್ತ ನೋಡಿದ. ಅವರು ಆಕಾಶ ನೋಡುತ್ತಿದ್ದರು. ಕೊನೆಗೆ ಐಹಮ್‌ನತ್ತ ನೋಡಿದ, ನೋಡಬಾರದಿತ್ತು ಅನ್ನಿಸಿತು. ಹುಡುಗ ಹೊಸ ಸೂಟು ತೊಟ್ಟು, ಮೊಣಕಾಲಿನ ಮೇಲೆ ಕೈಯಿಟ್ಟು, ನೆಲ ನೋಡುತ್ತ ಕೂತಿದ್ದ. ಕಿವಿಗಳೆರಡೂ ಕೆಂಪಾಗಿದ್ದವು. ಅವಮಾನವಾದಾಗ ಸತ್ತ ತಮ್ಮನ ಕಿವಿಗಳೂ ಹಾಗೇ ಕೆಂಪಾಗುತ್ತಿದ್ದವು. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ಇಲ್ಲಿ ಮಾತು ಧ್ವನಿವರ್ಧಕದಲ್ಲಿ ಹೋಗಿತ್ತು. ಊರಿನ ಮನೆಗಳಿಗೆಲ್ಲ ಮರೆ ಹೊಲಿಸಿಕೊಟ್ಟ ಹಿಕ್ಮತನಿಗೆ ತನ್ನ ಮುಖಕ್ಕೆ ಎಳೆದುಕೊಳ್ಳಲು ಒಂದು ಗೇಣು ಬಟ್ಟೆ ಸಿಗಲಿಲ್ಲ.

ಎದ್ದು ನಿಂತವನು ಐಹಮ್. "ದೊಡ್ಡಪ್ಪನ್ನ ಏನೂ ಅನ್ಬೇಡಿ" ಎಂದ. "ಲೋಟದ ವಿಷಯ ನಿಜ. ನಾನು ಎತ್ತಿಡಲ್ಲ." ಅಷ್ಟು ಹೇಳಿ ಕೂತ.

ಅಬು ಸಾಹೆರ್ ಗಡ್ಡ ನೀವಿಕೊಳ್ಳುತ್ತ ಏನೋ ಯೋಚಿಸುತ್ತಿದ್ದ. ಹಾಜಿಯವರ ಮುಂದಿನ ಕಾಫಿಯ ಹಬೆ ನಿಂತುಹೋಗಿತ್ತು. ಆಗ ಗೇಟಿನ ಬಳಿ ಇನ್ನೂ ಆರದೆ ನಿಂತಿದ್ದ ಕಾರಿನಿಂದ, ಮಸೀದಿಯ ಬಾಂಗಿನಷ್ಟೇ ಸ್ಪಷ್ಟವಾಗಿ, ಇನ್ಸಾಫಳ ದನಿ ಕೇಳಿಬಂತು.

"ಅಬು ನಿಜಾರ್, ಕೇಳಿಸ್ತಿದೆಯಾ? ಯಾಕೆ ಎಲ್ಲಾ ನಿಶ್ಶಬ್ದ? ಆಗಲಿ, ಸಭೇಲಿ ನೀವು ತಿರುಗಿ ಮಾತಾಡೋ ಹಾಗಿಲ್ಲವಲ್ಲ, ನಂದೊಂದು ಮಾತು ಕೇಳಿಸ್ಕೊಳ್ಳಿ."

ಹಿಕ್ಮತ್ ಗಾಬರಿಯಿಂದ ಜೇಬಿಗೆ ಕೈ ಹಾಕಿದ. ಫೋನು ಕೈಜಾರಿ ಕುರ್ಚಿಗಳ ಕೆಳಗೆ ಹೋಯಿತು. ಅವನು ಮೊಣಕಾಲೂರಿ ಬೀಗರ ಕಾಲುಗಳ ನಡುವೆ ತೆವಳತೊಡಗಿದ.

"ಅಪ್ಪ ಇಲ್ಲದ ಹುಡುಗ, ಲೋಟ ಎತ್ತಿಡೋದು ಯಾರನ್ನ ನೋಡಿ ಕಲೀಬೇಕಿತ್ತು? ನಿಮ್ಮನ್ನ ನೋಡಿನಾ? ಮದುವೆ ಆದಾಗಿಂದ ನಿಮ್ಮ ಲೋಟ ಎತ್ತಿಡ್ತಾ ಇರೋಳು ನಾನು. ಕಾರಿನ ಮುಖ ತೊಳೆಯೋಕೆ ನಿಮಗೆ ಕೈ ಇದೆ, ಅದೂ ನನ್ನ ಬ್ರಶ್ಶಲ್ಲಿ. ವಿದಾದ್ ಆಸ್ಪತ್ರೇಲಿದ್ದಾಗ ಆ ಹುಡುಗ ದಿನಾ ಬೇಳೆ ಸೂಪು ತಾನೇ ಕಾಸಿ ಹೊತ್ಕೊಂಡು ಹೋದ. ಹೋದ ಚಳಿಗಾಲ ನಂಗೆ ಜ್ವರ ಬಂದು ಮಲಗಿದ್ದಾಗ ನೀವು ನನ್ನ ಹಾಸಿಗೆ ಹತ್ರ ಬಂದು ಏನ್ ಕೇಳಿದ್ರಿ ನೆನಪಿದೆಯಾ? ಸಕ್ಕರೆ ಡಬ್ಬಿ ಎಲ್ಲಿದೆ ಅಂತ."

ಮೊದಲು ನಕ್ಕವರು ಮಹಡಿಯ ಹೆಂಗಸರು. ಒಂದು ಕಿಟಕಿಯಿಂದ ಇನ್ನೊಂದಕ್ಕೆ ನಗು ಹರಿಯಿತು. ಕೆಳಗೆ ಗಂಡಸರು ನೆಲ ನೋಡುತ್ತ ಕೆಮ್ಮಿದರು. ಅವರಲ್ಲಿ ಬಹಳ ಜನಕ್ಕೆ ತಮ್ಮ ಮನೆಯ ಸಕ್ಕರೆ ಡಬ್ಬಿ ಎಲ್ಲಿದೆ ಎನ್ನುವುದು ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ಕಿಟಕಿ ತೆರೆದು ಹುಡುಗಿಯ ತಾಯಿ ತಲೆ ಹೊರಗಿಟ್ಟಳು.

"ಅಬು ಸಾಹೆರ್, ಹುಡುಗಿಗೆ ಒಪ್ಪಿಗೆಯಂತೆ. ಸೂಪು ಕಾಸೋಕೆ ಬರೋನಿಗೆ ಲೋಟ ಎತ್ತಿಡೋದು ತಾನೇ ಕಲಿಸ್ತೀನಿ ಅಂತಿದ್ದಾಳೆ."

"ಇಷ್ಟು ದಿನ ಎಲ್ಲಾರೂ ಬರೀ ಹೊಗಳಿದ್ದಕ್ಕೇ ನನಗೆ ಅನುಮಾನ ಇತ್ತು" ಎಂದ ಅಬು ಸಾಹೆರ್. "ಈಗ ಸಮಾಧಾನ ಆಯ್ತು. ಹಾಜಿ, ಕಾಫಿ ಕುಡೀರಿ."

"ನಾನಿನ್ನೂ ಹುಡುಗೀನ ಕೇಳೇ ಇಲ್ಲವಲ್ಲಪ್ಪ" ಎಂದರು ಹಾಜಿ.

"ಕಾರೇ ಕೇಳಿತಲ್ಲ."

ಹಾಜಿಯವರು ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದರು. ಮಹಡಿಯಿಂದ ಹೆಂಗಸರ ಸಂಭ್ರಮದ ಕೇಕೆ ಎದ್ದಿತು.

"ಏನದು ಗಲಾಟೆ? ಕಾಫಿ ಕುಡಿದ್ರಾ?" ಎಂದಿತು ಕಾರು.

"ಕುಡಿದ್ವಿ" ಎಂದಿತು ಅಂಗಳಕ್ಕೆ ಅಂಗಳವೇ.

ಹಿಕ್ಮತ್ ಆಗಿನ್ನೂ ಕುರ್ಚಿಯ ಕೆಳಗೇ ಇದ್ದ. ಫೋನು ಸಿಕ್ಕಿತ್ತು. ಹೊರಗೆ ಬರಲು ಮನಸ್ಸಿರಲಿಲ್ಲ. ಐಹಮ್ ಬಗ್ಗಿ ಕೈ ಕೊಟ್ಟು ಎಬ್ಬಿಸಿದ, ಮೊಣಕಾಲಿನ ಮಣ್ಣು ಒರೆಸಿದ. "ಬಿಡಿ ದೊಡ್ಡಪ್ಪ" ಎಂದ. ಆ ಎರಡು ಮಾತು ಸೀಟಿಗಿಂತ ಹೆಚ್ಚು ಸುಟ್ಟಿತು. ಕುನಾಫಾದ ತಟ್ಟೆ ಬಂದಾಗ ಹಿಕ್ಮತ್ ಅದನ್ನು ಐಹಮ್‌ನ ಕಡೆಗೆ ಸರಿಸಿದ.

ವಾಪಸು ಹೊರಡುವಾಗ ಹಾಜಿಯವರು ಬೇರೆ ಕಾರು ಹತ್ತುತ್ತಾರೆ ಎಂದೇ ಅವನು ತಿಳಿದಿದ್ದ. ಅವರು ಬಂದರು. ಮೇಲಿನ ನಿಲುವಂಗಿ ಬಿಚ್ಚಿ, ನಾಲ್ಕು ಪದರ ಮಡಚಿ, ಸೀಟಿನ ಮೇಲೆ ಹಾಸಿ, ಅದರ ಮೇಲೆ ಕೂತರು. ಹಿಕ್ಮತ್ ಕನ್ನಡಿಯಲ್ಲಿ ಅವರ ಮುಖ ನೋಡಲಾರದೆ ಕನ್ನಡಿಯನ್ನೇ ಮೇಲಕ್ಕೆ ತಿರುಗಿಸಿದ.

"ಹಾಜಿ, ನನ್ನ ಬಾಯಿಗೆ ಹುಳ ಬೀಳಲಿ" ಎಂದ ಕೊನೆಗೆ. "ತಪ್ಪಾಯ್ತು. ಕ್ಷಮಿಸಿಬಿಡಿ."

"ಅದಿರಲಿ ಅಬು ನಿಜಾರ್. ನಾನು ಒಂದು ವಿಷಯ ಯೋಚಿಸ್ತಾ ಇದ್ದೆ. ಎಷ್ಟು ಜಾಹಾದಲ್ಲಿ ಮಾತಾಡಿದೀನಿ, ಲೆಕ್ಕ ಇಲ್ಲ. ಜನ ಆಕಳಿಸ್ತಾರೆ, ಫೋನ್ ನೋಡ್ತಾರೆ. ಇವತ್ತಿನ ಥರ ಒಬ್ಬನೂ ಅಲುಗಾಡದೆ, ಉಸಿರು ಬಿಗಿಹಿಡಿದು ಕೂತು ಕೇಳಿದ್ದನ್ನ ನಾನು ಕಂಡಿಲ್ಲ." ಹಾಜಿಯವರು ಸೀಟಿನಲ್ಲಿ ಮಗ್ಗುಲು ಬದಲಾಯಿಸಿದರು. "ಬರೋ ಶುಕ್ರವಾರ ಮಾದಬಾದಲ್ಲಿ ಇನ್ನೊಂದು ಜಾಹಾ ಇದೆ. ಬಿಗಿ ಜನ. ಬೇಗ ಒಪ್ಪೋ ಪೈಕಿ ಅಲ್ಲ."

ಹಿಕ್ಮತನಿಗೆ ಹೋದ ಜೀವ ಬಂದಂತಾಯಿತು. "ನಾನೇ ಕರ್ಕೊಂಡು ಹೋಗ್ತೀನಿ ಹಾಜಿ. ಎಷ್ಟು ಹೊತ್ತಿಗೆ ಬರಲಿ?"

"ನೀನು ಬರೋದು ಬೇಡಪ್ಪ" ಎಂದರು ಹಾಜಿ. "ಕಾರನ್ನೂ ನಿನ್ನ ಹೆಂಡತಿ ಫೋನ್ ನಂಬರನ್ನೂ ಕಳಿಸಿಕೊಡು, ಸಾಕು."