ಮೊಣಕಾಲು ನೋವಿನ ಗಿರಾಕಿ

ಪ್ರವಾಸದ ಕಚೇರಿಯವರ ಹಂಗು ತನಗೆ ಬೇಕಿಲ್ಲ ಎಂದು ಯಾನ್ ಬಾವ್‌ಶಾನ್ ಸೆಪ್ಟೆಂಬರ್ ತಿಂಗಳ ಒಂದು ಮಂಗಳವಾರ ಮುದಾನ್‌ಜಿಯಾಂಗ್ ಊರಿನ ನಡುಬೀದಿಯಲ್ಲಿ ನಿಂತು ಘೋಷಿಸಿಬಿಟ್ಟ! ಕೇಳಿಸಿಕೊಂಡವರು ಇಬ್ಬರೇ. ಒಬ್ಬಳು ಆ ಕಚೇರಿಯ ಬಾಗಿಲಲ್ಲಿ ನಿಂತಿದ್ದ ಹುಡುಗಿ, ಇನ್ನೊಬ್ಬ ಪಕ್ಕದಲ್ಲಿ ಸುಟ್ಟ ಗೆಣಸು ಮಾರುವವನು.

"ತಾತ, ಎಂಟು ದಿನದಲ್ಲಿ ಕಡಲು, ಮರಳುಗಾಡು, ಹಿಮದ ಬೆಟ್ಟ, ಹುಲ್ಲುಗಾವಲು, ಎಲ್ಲಾ ಆಗಲ್ಲ. ದೇಶ ದೊಡ್ಡದು. ಎರಡು ಜಾಗ ಆರಿಸ್ಕೊಳ್ಳಿ, ನಿಮಗೆ ಬೇಕಾದ ಹಾಗೆ ಮಾಡಿಕೊಡ್ತೀವಿ," ಎಂದಳು ಹುಡುಗಿ.

"ದೇಶ ದೊಡ್ಡದು ಅಂತ ನನಗೆ ಹೇಳ್ಕೊಡ್ತೀಯಾ ತಾಯಿ? ಮೂವತ್ತೊಂದು ವರ್ಷ ಮರದ ಕಾರ್ಖಾನೇಲಿ ಗರಗಸ ಹದ ಮಾಡಿದೋನು ನಾನು! ಆನೆ ಗಾತ್ರದ ದಿಮ್ಮಿ ತಂದು ಹಾಕಿದ್ರೂ ಸಂಜೆ ಹೊತ್ತಿಗೆ ಹಲಗೆ ಮಾಡಿ ಜೋಡಿಸ್ತಿದ್ದೆ. ನಿನ್ನ ದೇಶ ಯಾವ ಮೂಲೆಗೆ?"

"ಹಲಗೆಯೇನೋ ಆಗುತ್ತೆ ಯಾನಣ್ಣ," ಎಂದ ಗೆಣಸಿನವನು, "ಹೊಟ್ಟು ಗುಡಿಸೋರು ಯಾರು?"

ಬಾವ್‌ಶಾನ್ ಸರಕ್ಕನೆ ತಿರುಗಿದ. ನಾಲ್ಕು ಹೆಜ್ಜೆ ಮುಂದಿದ್ದ ಪುಸ್ತಕದಂಗಡಿಗೆ ಹೋಗಿ ಗೋಡೆಯಷ್ಟು ದೊಡ್ಡ ಭೂಪಟ ಕೊಂಡು, ಕಂಕುಳಲ್ಲಿ ಇರುಕಿಕೊಂಡು ದಂಡನಾಯಕನ ಠೀವಿಯಲ್ಲಿ ಮನೆಗೆ ನಡೆದ.

ಈ ದಂಡಯಾತ್ರೆಯೆಲ್ಲ ಯಾರಿಗಾಗಿ? ಹೆಂಡತಿ ಗ್ವೀಫೆನ್‌ಗಾಗಿ. ಆಕೆ ಮೂರು ವರ್ಷದಿಂದ ದೇಶದ ಇನ್ನೊಂದು ತುದಿಯಲ್ಲಿ, ಜೂಹಾಯ್‌ನಲ್ಲಿ, ಮಗಳು ಯಾಲಿನ್‌ಳ ಮನೆಯಲ್ಲಿ ಮೊಮ್ಮಗಳನ್ನು ಸಾಕುತ್ತಿದ್ದಳು. ಬಾವ್‌ಶಾನ್ ಇದ್ದ ಕಟ್ಟಡದ ಅರ್ಧ ಮನೆಗಳು ಹೀಗೆಯೇ. ಅಜ್ಜಿ ದಕ್ಷಿಣದಲ್ಲಿ ಮಗುವಿನ ಹಿಂದೆ, ಅಜ್ಜ ಉತ್ತರದಲ್ಲಿ ಒಲೆಯ ಮುಂದೆ. ಮಗಳ ಮನೆಯಲ್ಲಿದ್ದುದು ಎರಡೇ ಕೋಣೆ. ಅಜ್ಜನನ್ನು ಮಡಚಿ ಕಪಾಟಿನಲ್ಲಿ ಇಡುವ ಹಾಗಿರಲಿಲ್ಲ.

ದಿನಾ ಸಂಜೆ ಏಳಕ್ಕೆ ಫೋನಿನಲ್ಲಿ ಮುಖ ನೋಡಿ ಮಾತು. ಮುಖ ಎನ್ನುವುದು ದೊಡ್ಡ ಮಾತಾಯಿತು. ಬಾವ್‌ಶಾನ್ ಫೋನನ್ನು ಬಟ್ಟಲಿಗೆ ಒರಗಿಸಿ ಇಡುತ್ತಿದ್ದ ಭಂಗಿಗೆ ಆಕೆಗೆ ಕಾಣುತ್ತಿದ್ದುದು ಅವನ ಹಣೆ ಮತ್ತು ಮನೆಯ ಸೂರು.

"ಏನು ಉಂಡೆ ಮುದುಕಾ?"

"ಕಡುಬು. ಮಾಂಸದ್ದು. ಇಪ್ಪತ್ತು ತಿಂದೆ."

ಬಟ್ಟಲಲ್ಲಿದ್ದುದು ಹುಳಿ ಬರಿಸಿದ ಕೋಸು, ನಿನ್ನೆಯ ಅನ್ನ.

"ನಿನ್ನ ಮೊಣಕಾಲು?"

"ಕುದುರೆ ಹಾಗಿದೆ!"

ಆ ಕುದುರೆ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತದೆಂದು ಮಗಳು ಅವನಿಗೆ ಹೇಳಿದ್ದಳು. ಇಬ್ಬರೂ ಹೀಗೆ ಒಬ್ಬರಿಗೊಬ್ಬರು ಸುಳ್ಳನ್ನು ಬಡಿಸಿಕೊಂಡು, ಹೊಟ್ಟೆ ತುಂಬಿದವರಂತೆ ಫೋನು ಇಡುತ್ತಿದ್ದರು.

ಆ ಮಂಗಳವಾರದ ಹಿಂದಿನ ಸಂಜೆ ಗ್ವೀಫೆನ್, "ಅಕ್ಟೋಬರ್ ರಜೆಗೆ ಮಗಳು ಅಳಿಯ ಇಬ್ರೂ ಮನೇಲಿರ್ತಾರಂತೆ. ಎಂಟು ದಿನ ನನಗೆ ಕೆಲಸವೇ ಇಲ್ಲ," ಎಂದಳು. ಅಷ್ಟೇ ಸಾಕಾಯಿತು. ಬಾವ್‌ಶಾನ್‌ನ ತಲೆಯಲ್ಲಿ ಗರಗಸ ತಿರುಗತೊಡಗಿತು!

ಕೊಂಡು ತಂದ ಭೂಪಟ ಹರಡಿಕೊಂಡು, ಹಳೇ ನೋಟುಪುಸ್ತಕವೊಂದರ ಮೇಲೆ 'ಯಾನ್ ಪ್ರವಾಸ ಸಂಸ್ಥೆ' ಎಂದು ಬರೆದ. ಮಾಲೀಕ, ಗುಮಾಸ್ತ, ಹಮಾಲಿ ಎಲ್ಲ ತಾನೇ. ಗಿರಾಕಿ ಒಬ್ಬಳೇ. ಪುಸ್ತಕ ಅಕಸ್ಮಾತ್ ನೆರೆಯವರ ಕೈಗೆ ಸಿಕ್ಕರೆ ಗುಟ್ಟು ರಟ್ಟಾದೀತೆಂದು ಹೆಂಡತಿಯ ಹೆಸರನ್ನು ಎಲ್ಲೂ ಬರೆಯಲಿಲ್ಲ. 'ಗಿರಾಕಿ' ಎಂದೇ ಬರೆದ. ಮೊದಲ ದಿನ ಜೂಹಾಯ್‌ನಲ್ಲಿ ಗಿರಾಕಿಗೆ ಕಡಲು. ಮೂರನೇ ದಿನ ಗುಯಿಲಿನ್ ಗುಡ್ಡಗಳ ನಡುವೆ ದೋಣಿ. ಐದನೇ ದಿನ ಯುನ್ನಾನ್‌ನ ಹಿಮ. ಏಳನೇ ದಿನ ಮರಳುಗಾಡಿನಲ್ಲಿ ಒಂಟೆಯ ಮೇಲೆ ಕೂತು ಕರಬೂಜ! ಎಂಟನೇ ದಿನದ ಮುಂದೆ ಮಾತ್ರ ಏನೂ ಬರೆಯಲಿಲ್ಲ. ಎಂಟನೇ ದಿನ ಗಿರಾಕಿ ಮತ್ತೆ ಜೂಹಾಯ್‌ಗೆ, ಸಂಸ್ಥೆ ಮತ್ತೆ ಮುದಾನ್‌ಜಿಯಾಂಗ್‌ಗೆ. ಅದನ್ನು ಬರೆಯಲು ಹೋದಾಗಲೆಲ್ಲ ಪೆನ್ನು ಕೈ ಕೊಡುತ್ತಿತ್ತು.

ಹೊರಡುವ ದಿನ ಕ್ಷೌರಿಕನ ಹತ್ತಿರ ಹೋಗಿ ಕೂದಲಿಗೆ ಕಾಡಿಗೆಯಂಥ ಬಣ್ಣ ಹಾಕಿಸಿಕೊಂಡ. ಹೊಸ ಬೂಟು ಮೆಟ್ಟಿದ. ಒಂದೇ ಪೆಟ್ಟಿಗೆಯಲ್ಲಿ ಈಜುವ ಚಡ್ಡಿಯನ್ನೂ ಕುರಿಚರ್ಮದ ಕೋಟನ್ನೂ ತುರುಕಲು ಹೋದ. ಚಡ್ಡಿ ಹೋಯಿತು, ಕೋಟು ಹೋಗಲಿಲ್ಲ. ಅದನ್ನು ಹೆಗಲ ಮೇಲೆ ಹೊತ್ತ. ಮೆಟ್ಟಿಲಲ್ಲಿ ಕೆಳಮನೆಯ ಲಿಯಾನ್ ಅಕ್ಕ ಎದುರಾದಳು.

"ಯಾನಣ್ಣ, ಇದೇನು ಮದುವಣಿಗನ ಹಾಗೆ! ಯಾವ ಕಡೆ ಸವಾರಿ?"

"ಹೀಗೇ... ಗಾಳಿ ಸೇವನೆಗೆ."

"ಪೆಟ್ಟಿಗೆ ತಗೊಂಡು?"

ಬಾವ್‌ಶಾನ್ ಅಷ್ಟರಲ್ಲಿ ಬೀದಿಯಲ್ಲಿದ್ದ.

ರೈಲಿನ ಸದ್ದು ಫೋನಿನಲ್ಲಿ ಕೇಳಿಸಿದರೆ ಕೆಟ್ಟಿತೆಂದು, ಫೋನು ರಿಪೇರಿಗೆ ಕೊಡುತ್ತೇನೆ, ಮೂರು ದಿನ ಮಾತಿಲ್ಲ ಎಂದು ಹೆಂಡತಿಗೆ ಮೊದಲೇ ಹೇಳಿದ್ದ. ಎಂದೂ ಇಲ್ಲದ ಹಾಗೆ ಆಕೆ "ಆಗಲಿ ಆಗಲಿ, ನಿಧಾನವಾಗಿ ಮಾಡಿಸು" ಎಂದು ಥಟ್ಟನೆ ಒಪ್ಪಿಕೊಂಡಿದ್ದಳು. ಅನುಮಾನ ಬರಬೇಕಿತ್ತು. ಬರಲಿಲ್ಲ! ತನ್ನ ಗುಟ್ಟು ಕಾಯುವವನಿಗೆ ಇನ್ನೊಬ್ಬರ ಗುಟ್ಟಿನ ವಾಸನೆ ಹೊಡೆಯುವುದಿಲ್ಲ.

ರೈಲು ಹತ್ತಿ ಎರಡು ನಿಲ್ದಾಣ ದಾಟಿದ ಮೇಲೆ ನೆನಪಾಯಿತು. ಪೆಟ್ಟಿಗೆ ಇದೆ, ಕೋಟು ಇದೆ, ನೋಟುಪುಸ್ತಕ ಊಟದ ಮೇಜಿನ ಮೇಲಿದೆ! "ಹೋಗಲಿ, ಎಲ್ಲ ತಲೆಯಲ್ಲಿದೆ," ಎಂದು ಬಣ್ಣದ ತಲೆಯನ್ನು ಒಮ್ಮೆ ತಟ್ಟಿಕೊಂಡ. ಅಂಗೈ ಕಪ್ಪಾಯಿತು.

ಎರಡು ಹಗಲು, ಎರಡು ರಾತ್ರಿ, ಮೂರು ರೈಲು. ಉತ್ತರದ ಚಳಿಯಲ್ಲಿ ಹತ್ತಿದ ಮುದುಕ, ಮೈಗೆ ಅಂಟುವ ದಕ್ಷಿಣದ ಸೆಕೆಯಲ್ಲಿ ಕುರಿಚರ್ಮ ಹೊತ್ತು ಇಳಿದ. ಆಕಾಶ ಕಡುಗಪ್ಪಾಗಿ ಹೆಪ್ಪುಗಟ್ಟಿತ್ತು. ಮಗಳ ಮನೆಯ ಬಾಗಿಲು ಬಡಿದು, ಎದೆ ಸೆಟೆಸಿ, ದಾರಿಯುದ್ದಕ್ಕೂ ಕಲಿತ ಮಾತು ಒಪ್ಪಿಸಿದ:

"ಯಾನ್ ಪ್ರವಾಸ ಸಂಸ್ಥೆ! ಗಿರಾಕಿ ಸಿದ್ಧರಾಗಬೇಕು!"

ಬಾಗಿಲು ತೆರೆದವನು ಅಳಿಯ ಜಿಯಾನ್. ಮೈಮೇಲೆ ಮಳೆಯಂಗಿ, ತಲೆಗೆ ಹಳದಿ ಟೋಪಿ, ಕಂಕುಳಲ್ಲಿ ಅಳುವ ಮಗು. ವಿದ್ಯುತ್ ತಂತಿ ರಿಪೇರಿಯ ಕೆಲಸ ಅವನದು.

"ಅಪ್ಪಾ! ನೀವು... ಅಯ್ಯೋ, ದೇವರು ಬಂದ ಹಾಗೆ ಬಂದ್ರಿ! ಚಂಡಮಾರುತ ಬರ್ತಿದೆ. ರಜೆ ಎಲ್ಲಾ ರದ್ದು. ಯಾಲಿನ್‌ಳ ಆಸ್ಪತ್ರೆಯವರು ಬೆಳಗ್ಗೆಯೇ ಕರೆಸ್ಕೊಂಡ್ರು, ನನ್ನ ಗಾಡಿ ಕೆಳಗೆ ನಿಂತಿದೆ. ಮಗೂನ ಏನು ಮಾಡೋದು ಅಂತ..."

"ನಿಮ್ಮತ್ತೆ ಎಲ್ಲಿ?"

"ಅತ್ತೆ ನಿಮ್ಮ ಹತ್ತಿರ ಅಲ್ವಾ? ಬೆಳಗ್ಗೆ ಮೊದಲ ವಿಮಾನಕ್ಕೆ ಹತ್ತಿಸಿದ್ವಿ. ಹೇಳ್ಬೇಡಿ ಅಂದಿದ್ರು. 'ಹೇಳಿದ್ರೆ ಮುದುಕ ಮನೆ ತೊಳೆದು, ಕೋಳಿ ತಂದು, ಊರೆಲ್ಲ ಡಂಗುರ ಹೊಡೀತಾನೆ. ಸುಮ್ಮನೆ ಹೋಗಿ ನನ್ನ ಹಾಸಿಗೇಲಿ ಮಲಗಬೇಕು, ಅಷ್ಟೇ' ಅಂದ್ರು."

ಬಾವ್‌ಶಾನ್ ಕುರಿಚರ್ಮದ ಮೇಲೆ ದಬ್ಬನೆ ಕೂತ. ಅಳಿಯ ಮಗುವನ್ನು ಅವನ ತೊಡೆಗೆ ಇಳಿಸಿ ಮೆಟ್ಟಿಲು ಇಳಿದೇ ಬಿಟ್ಟ.

ಮೂರು ವರ್ಷದ ತುವಾನ್‌ತುವಾನ್ ಅಳು ನಿಲ್ಲಿಸಿ ಮುದುಕನನ್ನು ಮೇಲಿಂದ ಕೆಳಗೆ ನೋಡಿದಳು.

"ಯಾರು ನೀನು?"

"ಅಜ್ಜ ಕಣೇ ಪುಟ್ಟಾ!"

"ಸುಳ್ಳು. ನಮ್ಮಜ್ಜ ಫೋನಲ್ಲಿರೋದು."

ಎಷ್ಟು ಬೇಡಿಕೊಂಡರೂ ಒಪ್ಪಲಿಲ್ಲ. ಕೊನೆಗೆ ಬಾವ್‌ಶಾನ್ ತಲೆ ಬಗ್ಗಿಸಿ, ಬರೀ ಹಣೆ ಕಾಣುವ ಹಾಗೆ ಅವಳ ಮೂಗಿನ ಮುಂದೆ ಹಿಡಿದ. ಮಗು ಬೆರಳಿನಿಂದ ಹಣೆಯ ಗೆರೆಗಳನ್ನು ಒಂದೊಂದಾಗಿ ಮುಟ್ಟಿತು.

"ಹ್ಞಾ, ಅಜ್ಜ!"

ಚಂಡಮಾರುತಕ್ಕೆ ರೈಲು ನಿಂತಿತು. ವಿಮಾನ ನಿಂತಿತು. ಕಿಟಕಿಯ ಹೊರಗೆ ಮರಗಳು ನೆಲಕ್ಕೆ ತಲೆ ಚಚ್ಚಿಕೊಳ್ಳತೊಡಗಿದವು. ಸಂಜೆ ಏಳಕ್ಕೆ ಸರಿಯಾಗಿ ಫೋನು ಬಡಿದುಕೊಂಡಿತು.

"ಎಲ್ಲಿದ್ದೀಯಾ?" ಗ್ವೀಫೆನ್‌ಳ ದನಿ.

ಮೂರು ವರ್ಷದ ಅಭ್ಯಾಸ, ಬಾಯಿ ತಾನಾಗಿ ಆಡಿತು: "ಮನೇಲಿ."

"ಮನೇಲಿ ನಾನಿದ್ದೀನಿ!!"

ಆಕೆಯ ಹಿಂದೆ ಲಿಯಾನ್ ಅಕ್ಕ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. "ಯಾನಣ್ಣ, ಕೂದಲಿಗೆ ಬಣ್ಣ, ಹೊಸ ಬೂಟು, ಕೈಲಿ ಪೆಟ್ಟಿಗೆ, ಫೋನು ಬಂದ್! ಗಾಳಿ ಸೇವನೆ ಯಾವಳ ಜೊತೆ? ಪುಸ್ತಕ ನಮ್ಮ ಕೈಲಿದೆ!"

"ಯಾರೋ ಅವಳು ಗಿರಾಕಿ?" ಗ್ವೀಫೆನ್ ಪುಟ ತೆರೆದು ಗಟ್ಟಿಯಾಗಿ ಓದಿದಳು. "'ಗಿರಾಕಿಗೆ ಕಿಟಕಿಯ ಪಕ್ಕದ ಜಾಗವೇ ಬೇಕು. ಕಡಲ ದಂಡೆಯಲ್ಲಿ ಗಿರಾಕಿಗೆ ಹೂವಿನ ಕೊಡೆ ಕೊಡಿಸಬೇಕು.' ನಲವತ್ತು ವರ್ಷದಲ್ಲಿ ನನಗೊಂದು ಕರೀ ಕೊಡೆ ಕೊಡಿಸಿದ್ದೀಯೇನೋ ಮುದುಕಾ?"

"ಮುಂದಿನ ಪುಟ ಓದು," ಎಂದ ಬಾವ್‌ಶಾನ್ ಸಣ್ಣ ದನಿಯಲ್ಲಿ.

"ಓದ್ತೀನಿ, ಬಿಡ್ತೀನಾ? 'ಗಿರಾಕಿಗೆ ಎಡ ಮೊಣಕಾಲು ನೋವು. ಮೂವತ್ತು ಮೆಟ್ಟಿಲಿಗಿಂತ ಹೆಚ್ಚು ಹತ್ತಿಸಕೂಡದು. ನೋವಿಲ್ಲ ಎಂದರೆ ನಂಬಕೂಡದು. ಗಿರಾಕಿ ಗೊರಕೆ ಹೊಡೆಯುತ್ತಾಳೆ. ಬೇರೆ ಕೋಣೆ ಕೇಳಕೂಡದು. ಮೂರು ವರ್ಷದಿಂದ...'"

ಓದು ನಿಂತಿತು. ಲಿಯಾನ್ ಅಕ್ಕ ಆಕೆಯ ಹೆಗಲ ಮೇಲಿಂದ ಇಣುಕಿ ಉಳಿದದ್ದನ್ನು ತಾನೇ ಓದಿಕೊಂಡು, ಒಲೆಯ ಮೇಲೆ ಅನ್ನ ಇಟ್ಟು ಬಂದಿದ್ದೇನೆಂದು ಗೊಣಗುತ್ತ ಜಾರಿಕೊಂಡಳು.

"ಮುದುಕಾ."

"ಹೂಂ."

"ಇಲ್ಲಿ ಒಂದೇ ಬಟ್ಟಲಿದೆ. ಉಳಿದವು ಎಲ್ಲಿ?"

"ಮೇಲಿನ ಕಪಾಟಲ್ಲಿ. ಕಾಗದ ಸುತ್ತಿಟ್ಟಿದ್ದೀನಿ. ಧೂಳು ಕೂರುತ್ತೆ ಅಂತ."

ಮಗಳ ಮನೆಗೆ ಬಂದದ್ದು, ಚಂಡಮಾರುತ, ಮಗಳು ಅಳಿಯ ಕೆಲಸಕ್ಕೆ ಓಡಿದ್ದು, ಎಲ್ಲವನ್ನೂ ಬಾವ್‌ಶಾನ್ ಒಂದೇ ಉಸಿರಿನಲ್ಲಿ ಹೇಳಿದ. ಈ ಕಡೆ ಗಾಳಿ ಊಳಿಡುತ್ತಿತ್ತು.

"ವಿಮಾನ ಶುರುವಾದ ತಕ್ಷಣ ಬಂದ್ಬಿಡ್ತೀನಿ," ಎಂದಳು ಗ್ವೀಫೆನ್.

ಬಾ ಎನ್ನಲು ಬಾಯಿ ತೆರೆದಿದ್ದ. ಆಕೆಯ ಹಿಂದೆ ಹಾಸಿಗೆ ಕಂಡಿತು. ಅದರ ಒಂದು ಮಗ್ಗುಲು ಆಗಲೇ ಸುಕ್ಕಾಗಿತ್ತು. ಬಂದವಳೇ ಒಂದು ನಿದ್ದೆ ತೆಗೆದಿದ್ದಾಳೆ.

"ಬೇಡ. ಎಂಟು ದಿನ ಮಲಗು. ಮಗೂಗೆ ನಾನಿದ್ದೀನಿ. ಇಲ್ಲಿ ಎಲ್ಲಾ ಚೆನ್ನಾಗಿದೆ. ನಾಳೆ ಸ್ನಾನದ ತೊಟ್ಟಿಯಲ್ಲಿ ಕಡಲು, ನಾಡಿದ್ದು ಹಿಟ್ಟಿನ ಡಬ್ಬದಲ್ಲಿ ಮರಳುಗಾಡು. ತುವಾನ್‌ತುವಾನ್ ಆಗಲೇ ಕುರಿಚರ್ಮದ ಬೆಟ್ಟ ಹತ್ತಿ ಕೂತಿದ್ದಾಳೆ. ಸಂಸ್ಥೆ ಮುಳುಗಿಲ್ಲ!"

"ಅದಿರಲಿ. ಇಡೀ ದೇಶ ತೋರಿಸ್ತೀನಿ ಅಂತ ಹೊರಟೋನು, ಮೊದಲು ನಿನ್ನ ಮುಖ ತೋರಿಸು. ಆಗಿಂದ ಮಗಳ ಮನೆ ಸೂರು ನೋಡ್ತಿದ್ದೀನಿ."

ಬಾವ್‌ಶಾನ್ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಕೆಳಗಿಳಿಸಿದ. ಗ್ವೀಫೆನ್ ನೋಡಿದಳು. ಬಹಳ ಹೊತ್ತು ನೋಡಿದಳು.

"ಕೆನ್ನೆ ಮೇಲೆ ಬಣ್ಣ ಇಳೀತಿದೆ. ಒರೆಸ್ಕೋ."

"ಇಲ್ಲಿ ಬಹಳ ಸೆಕೆ," ಎನ್ನುತ್ತ ಬಾವ್‌ಶಾನ್ ಕರವಸ್ತ್ರ ತೆಗೆದು ಒರೆಸಿಕೊಂಡ. ಮಡಚುವಾಗ ನೋಡಿದರೆ, ಅದರಲ್ಲಿ ಬಣ್ಣಕ್ಕಿಂತ ನೀರೇ ಹೆಚ್ಚಿತ್ತು.